ಎರಡನೆಯ ಕುದುರೆಯ ಸಮಯ

ರೇಸಿನ ಫಲಿತಾಂಶದ ಹಾಳೆಯಲ್ಲಿ ಸಾಮಾನ್ಯವಾಗಿ ಗೆದ್ದ ಕುದುರೆಗೆ ಮಾತ್ರ ಸಮಯ ಇರುತ್ತದೆ. ಸೋತವುಗಳಿಗೆ ಇರುವುದು ಅಂತರ: ಎರಡೂವರೆ ಲೆಂತ್ (ಕುದುರೆಯ ಉದ್ದ), ಒಂದು ಕುತ್ತಿಗೆ, ಒಂದು ಮೂಗು. ಈ ಅಂತರವನ್ನು ಸೆಕೆಂಡುಗಳಿಗೆ ಇಳಿಸುವುದು ನನ್ನ ನಿತ್ಯದ ಕೆಲಸ. ಒಂದು ಲೆಂತ್ ಎಂದರೆ ಸುಮಾರು 2.4 ಮೀಟರ್. ಸೆಕೆಂಡಿಗೆ 16 ಮೀಟರ್ ವೇಗದಲ್ಲಿರುವ ಕುದುರೆ ಅದನ್ನು 0.15 ಸೆಕೆಂಡಿನಲ್ಲಿ ದಾಟುತ್ತದೆ. ಅಮೆರಿಕದ ಹಳೆಯ ರೂಢಿ 0.2 ಎನ್ನುತ್ತದೆ. ಎರಡು ಲೆಂತ್‌ನಲ್ಲಿ ಕಣ್ಣಿಗೆ ಬೀಳದ ಈ ವ್ಯತ್ಯಾಸ ಹತ್ತು ಲೆಂತ್ ಆಗುವಷ್ಟರಲ್ಲಿ ಅರ್ಧ ಸೆಕೆಂಡ್ ಆಗಿರುತ್ತದೆ.

ಅಮೆರಿಕದ ಹೆಸರಾಂತ ಓಟವಾದ ಕೆಂಟಕಿ ಡರ್ಬಿಯನ್ನು, ಅದರ 1973ರ ಓಟವನ್ನು ನೋಡಿ. ಸುಮಾರು 2,012 ಮೀಟರ್ ದೂರವನ್ನು ಸೆಕ್ರೆಟೇರಿಯಟ್ ಎಂಬ ಕುದುರೆ 119.4 ಸೆಕೆಂಡಿನಲ್ಲಿ ಮುಗಿಸಿ ಗೆದ್ದಿತು. ಎರಡೂವರೆ ಲೆಂತ್ ಹಿಂದೆ ಶಾಮ್. ಹಳೆಯ ರೂಢಿಯಂತೆ ಲೆಕ್ಕ ಹಾಕಿದರೂ ಶಾಮ್ ಸಮಯ 119.9 ಸೆಕೆಂಡ್, ಅಂದರೆ 1964ರಿಂದ ಉಳಿದಿದ್ದ ಎರಡು ನಿಮಿಷದ ದಾಖಲೆಯನ್ನು ಸೋತ ಕುದುರೆಯೂ ಮುರಿದಿತ್ತು. ಎರಡು ವಾರಗಳ ನಂತರ ಪ್ರೀಕ್‌ನೆಸ್‌ನಲ್ಲಿ ಮತ್ತೆ ಶಾಮ್ ಎರಡನೆಯದು, ಮತ್ತೆ ಎರಡೂವರೆ ಲೆಂತ್. ಆ ಓಟದ ಸಮಯವಂತೂ ವಿವಾದಕ್ಕೆ ಸಿಲುಕಿತು. 2012ರಲ್ಲಿ ಹಳೆಯ ಚಿತ್ರೀಕರಣವನ್ನು ಪರಿಶೀಲಿಸಿ ಅದನ್ನು 113 ಸೆಕೆಂಡ್ ಎಂದು ತಿದ್ದಲಾಯಿತು. ಮೂವತ್ತೊಂಬತ್ತು ವರ್ಷ ದಾಖಲೆಯಲ್ಲಿ ತಪ್ಪು ಸಮಯವಿತ್ತು; ಅಂತರ ಮಾತ್ರ ಮೊದಲಿನಿಂದಲೂ ಸರಿಯಾಗಿತ್ತು. ಅದಕ್ಕೇ ನಾನು ಸಮಯಕ್ಕಿಂತ ಅಂತರವನ್ನು ಹೆಚ್ಚು ನಂಬುತ್ತೇನೆ.

ಆದರೆ ಅಂತರವೂ ಕೈಕೊಡುತ್ತದೆ. ಎರಡು ಓಟಗಳಲ್ಲಿ ಒಂದೇ ಅಂತರ ಕಂಡವರು ಮೂರನೆಯದರಲ್ಲೂ ಅದನ್ನೇ ನಿರೀಕ್ಷಿಸುವುದು ಸಹಜ. ಜೂನ್ 9ರಂದು ನಡೆದ ಬೆಲ್ಮಾಂಟ್‌ನ ದೂರ ಸುಮಾರು 2,414 ಮೀಟರ್. ಶಾಮ್ ಆರಂಭದಿಂದಲೇ ಸೆಕ್ರೆಟೇರಿಯಟ್ ಜೊತೆ ಹೆಗಲಿಗೆ ಹೆಗಲು ಕೊಟ್ಟು ಓಡಿತು. ಮೊದಲ ಅರ್ಧ ದೂರ 69.8 ಸೆಕೆಂಡಿನಲ್ಲಿ ಮುಗಿಯಿತು. ಅಷ್ಟು ದೂರದ ಓಟಕ್ಕೆ ಅದು ಅತಿಯಾದ ವೇಗ. ಗೆದ್ದ ಸೆಕ್ರೆಟೇರಿಯಟ್‌ಗೇ ಉಳಿದರ್ಧಕ್ಕೆ 74.2 ಸೆಕೆಂಡ್ ಬೇಕಾಯಿತು; ಒಟ್ಟು 144 ಸೆಕೆಂಡ್, ಗೆಲುವಿನ ಅಂತರ 31 ಲೆಂತ್. ಶಾಮ್ ಐದು ಕುದುರೆಗಳಲ್ಲಿ ಕೊನೆಯದಾಯಿತು, ಮತ್ತೆಂದೂ ರೇಸಿಗೆ ಇಳಿಯಲಿಲ್ಲ. ಆ ಕುದುರೆಯನ್ನು ದುರ್ಬಲವೆಂದು ಬರೆದವರನ್ನು ನಾನು ಒಪ್ಪಲಾರೆ.

ಹಾಗಾಗಿ ಯಾವ ಕುದುರೆಯ ಸಮಯವನ್ನಾದರೂ ಪುಸ್ತಕಕ್ಕೆ ಇಳಿಸುವ ಮೊದಲು ಓಟದ ಮೊದಲರ್ಧ ಎಷ್ಟು ಸೆಕೆಂಡಿನಲ್ಲಿ ಮುಗಿಯಿತೆಂದು ನೋಡುತ್ತೇನೆ. ಅದೇ ದಿನ, ಅದೇ ಟ್ರ್ಯಾಕಿನಲ್ಲಿ ಬೇರೆ ಓಟಗಳು ಹೇಗೆ ನಡೆದವೆಂದೂ ಹೋಲಿಸುತ್ತೇನೆ. ಬೆಂಗಳೂರಿನಲ್ಲಿ ಮಧ್ಯಾಹ್ನ ಮಳೆ ಸುರಿದರೆ ಮೊದಲ ಓಟದ ಹುಲ್ಲು ಬೇರೆ, ಕೊನೆಯ ಓಟದ ಹುಲ್ಲು ಬೇರೆ. ಅಂಥ ದಿನದ ಸಮಯಗಳನ್ನು ಪೆನ್ಸಿಲಿನಲ್ಲಷ್ಟೇ ಬರೆದಿಡುತ್ತೇನೆ.