ಕುಕ್ಕರ್ ಕೂಗಿಗೆ ಸರಾಸರಿ ಹಾಕ್ತೀರಾ?

2014ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಫೀನಿಕ್ಸ್‌ನಲ್ಲಿ ವಿಮಾನಗಳ ದಾರಿ ಬದಲಾಯಿತು. ಪಶ್ಚಿಮಕ್ಕೆ ಟೇಕಾಫ್ ಆದ ವಿಮಾನಗಳು ಹಳೇ ಮನೆಗಳಿರುವ ಬಡಾವಣೆಗಳ ನೆತ್ತಿ ಮೇಲೆ ತಿರುಗತೊಡಗಿದವು. ಜನ ರೊಚ್ಚಿಗೆದ್ದರು. ಶಬ್ದ ಹೇಳಿಕೊಳ್ಳುವಷ್ಟು ಜಾಸ್ತಿಯಾಗಲ್ಲ ಅನ್ನೋದು ಅಲ್ಲಿನ ವಿಮಾನಯಾನ ಇಲಾಖೆ ಎಫ್‌ಎಎ ಮೊದಲೇ ಹಾಕಿಟ್ಟಿದ್ದ ಲೆಕ್ಕ. ಇಂಥ ಕಡೆ 'ಜನಕ್ಕೆ ದೂರೋದೇ ಕೆಲಸ' ಅಂತ ನಗುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಎಫ್‌ಎಎ ಅಳತೆ ಇಡೀ ದಿನದ ಶಬ್ದದ ಸರಾಸರಿ. ರಾತ್ರಿ ಹಾರಿದ್ದಕ್ಕೆ 10 ಡೆಸಿಬೆಲ್ ಸೇರಿಸುತ್ತಾರೆ, ಅಂದರೆ ರಾತ್ರಿಯ ಒಂದು ವಿಮಾನ ಹಗಲಿನ ಹತ್ತಕ್ಕೆ ಸಮ. ಅದು ಸರಿ. ಆದರೆ ಡೆಸಿಬೆಲ್ ನಮ್ಮ ಅಂಗಡಿ ತಕ್ಕಡಿ ಥರ ಅಲ್ಲ. ದಿನಕ್ಕೆ 50 ವಿಮಾನ ಹೋಗುತ್ತಿದ್ದಲ್ಲಿ 100 ಹೋದರೂ ಸರಾಸರಿ ಏರುವುದು ಬರೀ 3 ಡೆಸಿಬೆಲ್! ಕಾಗದದ ಮೇಲೆ ಚಿಟಿಕೆ ಉಪ್ಪಿನಷ್ಟು. ಕುಕ್ಕರ್ ಮೂರರ ಬದಲು ಆರು ಸಲ ಕೂಗಿದರೆ 'ಇವತ್ತಿನ ಸರಾಸರಿ ಕೂಗು ಇಷ್ಟು' ಅಂತ ಯಾರಾದರೂ ಹೇಳ್ತಾರಾ? ಕಿವಿ ಎಣಿಸುತ್ತದೆ. ಫೋನಿನಲ್ಲಿ ಮಾತು ಅರ್ಧಕ್ಕೆ ನಿಂತದ್ದು ಎಷ್ಟು ಸಲ, ಮಲಗಿಸಿದ ಮಗು ಎದ್ದದ್ದು ಎಷ್ಟು ಸಲ, ಲೆಕ್ಕ ಅದು.

ಇಷ್ಟೊಂದು ವಿಮಾನ ಒಂದೇ ಕಡೆ ನೆತ್ತಿ ಮೇಲೆ ಬರೋದಕ್ಕೆ ಕಾರಣ ನಿಖರತೆ. ಹಿಂದೆ ಕಂಟ್ರೋಲರ್ ರೇಡಿಯೋದಲ್ಲಿ ದಿಕ್ಕು ಹೇಳುತ್ತಿದ್ದರು. ಒಬ್ಬ ಪೈಲಟ್ ಕೂಡಲೇ ತಿರುಗಿಸುತ್ತಿದ್ದ, ಇನ್ನೊಬ್ಬ ತುಸು ತಡವಾಗಿ, ಮತ್ತೊಂದನ್ನು ಗಾಳಿ ಪಕ್ಕಕ್ಕೆ ತಳ್ಳುತ್ತಿತ್ತು. ದಾರಿಗಳು ಬೀಸಣಿಗೆ ಥರ ಹರಡುತ್ತಿದ್ದವು, ಸದ್ದೂ ಎಲ್ಲರಿಗೂ ಸ್ವಲ್ಪ ಸ್ವಲ್ಪ ಹಂಚಿಹೋಗುತ್ತಿತ್ತು. ಉಪಗ್ರಹ ದಾರಿ ತೋರಿಸತೊಡಗಿದ ಮೇಲೆ ಬೀಸಣಿಗೆ ಮಡಚಿಕೊಂಡಿತು. ದನಗಳು ನಡೆದೂ ನಡೆದೂ ಸವೆಸಿದ ಕಾಲುದಾರಿ ನೋಡಿದ್ದೀರಲ್ವಾ? ಪಕ್ಕದಲ್ಲಿ ಹುಲ್ಲು ಹಾಗೇ ಇರುತ್ತದೆ, ಆ ಒಂದು ಗೇಣಲ್ಲಿ ಮಾತ್ರ ಏನೂ ಹುಟ್ಟಲ್ಲ. ಆ ಗೆರೆ ನದಿ ಮೇಲೋ ಕಾರ್ಖಾನೆ ಮೇಲೋ ಬಿದ್ದರೆ ಭೇಷ್. ಮನೆ ಮೇಲೆ ಬಿದ್ದರೆ ಮುಗೀತು.

ಏರುವ ರೀತಿಯಲ್ಲೂ ಆಟ ಆಡಬಹುದು. ಕ್ಯಾಲಿಫೋರ್ನಿಯಾದ ಜಾನ್ ವೇಯ್ನ್ ನಿಲ್ದಾಣದಲ್ಲಿ ವಿಮಾನ ಕಡಿದಾಗಿ ಏರಿ, ಮನೆಗಳು ಬರುವಷ್ಟರಲ್ಲಿ ಎಂಜಿನ್ ದನಿ ತಗ್ಗಿಸುತ್ತದೆ. ಮೊದಲ ಸಲ ಕೂತವರಿಗೆ ಎದೆ ಝಲ್ ಅನ್ನುತ್ತದೆ, ಕೆಳಗಿನವರಿಗೆ ಮಾತ್ರ ಹಾಯಿ.

ಫೀನಿಕ್ಸ್ ನಗರವು ಎಫ್‌ಎಎ ವಿರುದ್ಧ ಕೋರ್ಟಿಗೆ ಹೋಯಿತು. 2017ರ ಆಗಸ್ಟ್‌ನಲ್ಲಿ ಗೆದ್ದಿತು. ಮರುವರ್ಷ ಪಶ್ಚಿಮದ ವಿಮಾನಗಳು ಹಳೇ ದಾರಿಗೆ ಹತ್ತಿರವಾದವು.

ಲಂಡನ್ನಿನ ಹೀಥ್ರೂದವರದು ಇನ್ನೊಂದು ಉಪಾಯ. ಅಲ್ಲಿ ರನ್‌ವೇ ಎರಡು. ವಿಮಾನಗಳು ಪಶ್ಚಿಮಕ್ಕೆ ಹಾರುವ ದಿನ, ಇಳಿಯುವ ರನ್‌ವೇ ಮತ್ತು ಏರುವ ರನ್‌ವೇಯನ್ನು ಮಧ್ಯಾಹ್ನ 3 ಗಂಟೆಗೆ ಅದಲುಬದಲು ಮಾಡುತ್ತಾರೆ. ಒಟ್ಟು ಸದ್ದು ಒಂದಿಷ್ಟೂ ಕಡಿಮೆಯಾಗಲ್ಲ, ಆದರೆ ನಿಮ್ಮ ಪಾಳಿ ಯಾವಾಗ ಮುಗಿಯುತ್ತದೆ ಅಂತ ಗಡಿಯಾರ ನೋಡಿ ಹೇಳಬಹುದು.