ಗಂಟು ಕೊರೆದರೆ ಬೆರಳು ನೆಟ್ಟಗಾಗದು

ಕಲಬುರಗಿಯ ನನ್ನ ಚಿಕಿತ್ಸಾಲಯಕ್ಕೆ ಕಾಲಿನ ಹೆಬ್ಬೆರಳು ಸೊಟ್ಟಗಾಗಿ, ಅದರ ಬುಡದಲ್ಲಿ ಗಂಟೆದ್ದು ಬರುವವರಲ್ಲಿ ಹೆಚ್ಚಿನವರು ಕುರ್ಚಿಯಲ್ಲಿ ಕೂರುವ ಮೊದಲೇ ರೋಗವನ್ನೂ ಚಿಕಿತ್ಸೆಯನ್ನೂ ತಾವೇ ನಿರ್ಧರಿಸಿಕೊಂಡಿರುತ್ತಾರೆ: "ಸಾಹೇಬ್ರ, ಎಲುಬು ಬೆಳೆದದ ನೋಡ್ರಿ, ಈಟು ಕೊರದು ತೆಗದ್ಬಿಡ್ರಿ." ಎಲುಬು ಬೆಳೆದಿಲ್ಲ, ಜಾಗ ಬಿಟ್ಟು ಸರಿದಿದೆ ಎಂದು ಎಕ್ಸ್‌-ರೇ ಹಿಡಿದು ಹತ್ತು ನಿಮಿಷ ವಿವರಿಸುತ್ತೇನೆ. ಎಲ್ಲಕ್ಕೂ ತಲೆಯಾಡಿಸಿ, ಬಾಗಿಲ ಬಳಿ ಹೋದವರು ತಿರುಗಿ, "ಹಂಗಾದ್ರ ಯಾವಾಗ ಕೊರೀತೀರಿ?" ಎನ್ನುತ್ತಾರೆ.

ಇನ್ನು ಕೆಲವರು ಯಾರೋ ಯೂರಿಕ್ ಆಸಿಡ್ ಎಂದರೆಂದು ಈ ತೊಗರಿಯ ನಾಡಿನಲ್ಲಿದ್ದುಕೊಂಡು ತಿಂಗಳುಗಟ್ಟಲೆ ಬೇಳೆಯನ್ನೇ ಬಿಟ್ಟಿರುತ್ತಾರೆ. ಯೂರಿಕ್ ಆಸಿಡ್‌ನ ನೋವು ಬೆಳಗಾಗುವುದರೊಳಗೆ ಬೆರಳಿನ ಬುಡವನ್ನು ಕೆಂಪಗೆ ಊದಿಸಿ, ಹೊದಿಕೆ ತಾಗಿದರೂ ತಡೆಯಲಾಗದಂತೆ ಮಾಡುತ್ತದೆ. ಈ ಗಂಟು ವರ್ಷಗಳ ಕಾಲ ನಿಧಾನವಾಗಿ ಎದ್ದುಬರುವಂಥದ್ದು. ಎರಡೂ ಒಂದೇ ಪಾದದಲ್ಲಿರಬಹುದಾದ್ದರಿಂದ ಅನುಮಾನವಿದ್ದಾಗ ರಕ್ತಪರೀಕ್ಷೆ ಮಾಡಿಸುತ್ತೇನೆ.

ಗಂಟಾಗಿ ಕಾಣುವುದು ಹೆಬ್ಬೆರಳಿನ ಹಿಂದಿರುವ, ಪಾದದ ಮೊದಲ ಉದ್ದೆಲುಬಿನ ತಲೆ. ಅದು ಹುಟ್ಟಿದಾಗಿನಿಂದ ಅಲ್ಲಿರುವುದೇ. ಆ ಎಲುಬು ಇನ್ನೊಂದು ಪಾದದ ಕಡೆಗೆ ವಾಲಿ, ಬೆರಳು ಪಕ್ಕದ ಬೆರಳಿನ ಕಡೆಗೆ ತಿರುಗಿದಾಗ ನಡುವಿನ ಮೂಲೆ ಚರ್ಮದಡಿ ಎದ್ದು ಕಾಣುತ್ತದೆ, ಚಪ್ಪಲಿ ಉಜ್ಜಿ ಉಜ್ಜಿ ಅದರ ಮೇಲಿನ ಚರ್ಮವೂ ದಪ್ಪಗಾಗುತ್ತದೆ. ಈಗ ಸ್ನಾಯುರಜ್ಜುಗಳ ಮಾತು. ನಮ್ಮ ಜನ ರಕ್ತನಾಳಕ್ಕೂ ನರವೆನ್ನುತ್ತಾರೆ, ಸ್ನಾಯುರಜ್ಜುವಿಗೂ ನರವೆನ್ನುತ್ತಾರೆ; ನಾನು ಹೇಳುತ್ತಿರುವುದು ಮಾಂಸಖಂಡವನ್ನು ಎಲುಬಿಗೆ ಕಟ್ಟುವ ಹಗ್ಗದ ಬಗ್ಗೆ. ವಿಚಿತ್ರವೆಂದರೆ ಆ ಉದ್ದೆಲುಬಿನ ತಲೆಗೆ ಒಂದು ಹಗ್ಗವೂ ಅಂಟಿಕೊಂಡಿಲ್ಲ. ಎಲ್ಲವೂ ಅದನ್ನು ದಾಟಿ ಮುಂದೆ ಬೆರಳಿಗೆ ಹೋಗುತ್ತವೆ. ತಲೆ ನಡುವಿನಲ್ಲಿರುವವರೆಗೆ ಎರಡು ಬದಿಯ ಎಳೆತ ಸಮವಾಗಿರುತ್ತದೆ. ಅದು ಪಕ್ಕಕ್ಕೆ ಜಾರಿತೆಂದರೆ, ಬೆರಳನ್ನು ಮೇಲೆತ್ತುವ ರಜ್ಜು ಬಾಗಿದ ಬಿಲ್ಲಿಗೆ ಕಟ್ಟಿದ ಹೆದೆಯಂತಾಗಿ, ಎತ್ತುವ ಕೆಲಸದ ಜೊತೆಗೆ ಬೆರಳನ್ನು ಇನ್ನಷ್ಟು ಸೊಟ್ಟ ಎಳೆಯತೊಡಗುತ್ತದೆ. ಬೆರಳನ್ನು ಒಳಬದಿಗೆ, ಅಂದರೆ ಇನ್ನೊಂದು ಪಾದದ ಕಡೆಗೆ, ಹಿಡಿದಿಡಬೇಕಾದ ರಜ್ಜು ಅಂಗಾಲಿನ ಕಡೆಗೆ ಜಾರಿ ಹಿಡಿತ ಕಳೆದುಕೊಳ್ಳುತ್ತದೆ, ಹೊರಬದಿಯದಕ್ಕೆ ಎದುರಾಳಿಯೇ ಇಲ್ಲದಂತಾಗುತ್ತದೆ. ಕೀಲಿನಡಿ ಇರಬೇಕಾದ ಎರಡು ಪುಟ್ಟ ಎಲುಬುಗಳು ಇದ್ದಲ್ಲೇ ಉಳಿದು, ತಲೆ ಮಾತ್ರ ಅವುಗಳ ಮೇಲಿಂದ ಸರಿದುಹೋಗಿರುತ್ತದೆ. ಅಂದರೆ ಯಾವ ರಜ್ಜೂ ಹರಿದಿಲ್ಲ, ಯಾವುದೂ ಬೆಳೆದಿಲ್ಲ. ಎಳೆತದ ದಿಕ್ಕು ಬದಲಾಗಿದೆ. ಗಂಟನ್ನಷ್ಟೇ ಕೊರೆದರೆ ಚರ್ಮ ಕೆಲವು ಕಾಲ ನಯವಾಗಿ ಕಂಡೀತು, ಹಗ್ಗಗಳು ಮರುದಿನವೂ ಅದೇ ದಿಕ್ಕಿಗೆ ಎಳೆಯುತ್ತಿರುತ್ತವೆ.

ಕಳೆದ ಬೇಸಿಗೆಯಲ್ಲಿ ಜೇವರ್ಗಿ ಕಡೆಯ ಹಳ್ಳಿಯ ಹಿರಿಯ ಹೆಣ್ಣುಮಗಳೊಬ್ಬರನ್ನು ಮಗ ಕರೆತಂದಿದ್ದ. ಅವರ ಎಡಗಾಲಿನ ಚಪ್ಪಲಿಯ ಪಟ್ಟಿ ಗಂಟು ತಾಗುವ ಜಾಗದಲ್ಲಿ ಬ್ಲೇಡಿನಿಂದ ಅರ್ಧಚಂದ್ರಾಕಾರ ಕತ್ತರಿಸಿತ್ತು, ಅಂಚು ಬಿಚ್ಚದಂತೆ ಕಪ್ಪು ದಾರದಿಂದ ಹೊಲಿದೂ ಇತ್ತು. ಮಗನ ಕೈಯಲ್ಲಿ ಎಂಆರ್‌ಐ ವರದಿ. ಹೆಬ್ಬೆರಳನ್ನು ಎತ್ತುವ ರಜ್ಜುವಿನ ಪಕ್ಕದಲ್ಲಿ ತೆಳುವಾದ ಇನ್ನೊಂದು ರಜ್ಜು ಇದೆಯೆಂದು ಅದರಲ್ಲಿತ್ತು. "ಈ ಹೆಚ್ಚಿನ ನರ ಕತ್ತರಿಸಿದ್ರ ಬೆರಳು ಸೀದಾ ಆಗ್ತದಲ್ರಿ?" ಎಂದ. ಶವಛೇದನದಲ್ಲಿ ಹುಡುಕಿದವರಿಗೆ ಬಹುಪಾಲು ಪಾದಗಳಲ್ಲಿ ಸಿಕ್ಕಿರುವ, ಕೀಲಿನ ಮೇಲಿನ ಪೊರೆಗೆ ಹೋಗಿ ಸೇರುವ ಎಳೆ ಅದು. "ಹೆಚ್ಚಿನದು" ಎಂಬ ಮಾತೇ ಅದಕ್ಕೆ ಅನ್ಯಾಯ. ಬೆರಳು ಸೊಟ್ಟಗಾಗುವುದರಲ್ಲಿ ಅದಕ್ಕೆ ಪಾತ್ರವಿದೆಯೇ ಎಂಬುದರಲ್ಲಿ ಅಧ್ಯಯನ ಮಾಡಿದವರೇ ಒಂದೇ ಮಾತು ಹೇಳಿಲ್ಲ. ಅದಕ್ಕಿಂತ ತಾಯಿಯ ಕಡೆಯಿಂದ ಬಂದ ಪಾದದ ಗುಣ, ಇಕ್ಕಟ್ಟಾದ ಪಾದರಕ್ಷೆ ಇವುಗಳನ್ನು ನಾನು ಮೊದಲು ವಿಚಾರಿಸುತ್ತೇನೆ. ಶಸ್ತ್ರಚಿಕಿತ್ಸೆಯ ವೇಳೆ ಆ ಎಳೆ ನನಗೂ ಎಷ್ಟೋ ಸಲ ಕಂಡಿದೆ. ಅಡ್ಡ ಬರದಿದ್ದರೆ ಅದರ ಪಾಡಿಗೆ ಬಿಡುತ್ತೇನೆ.

ರಜ್ಜು ಕತ್ತರಿಸುವ ಆಸೆ ಹೊಸದೇನಲ್ಲ. 1928ರಲ್ಲಿ ಅಮೆರಿಕದ ಶಸ್ತ್ರಚಿಕಿತ್ಸಕ ಮ್ಯಾಕ್‌ಬ್ರೈಡ್ ಹೊರಬದಿಯ ರಜ್ಜುವನ್ನು ಬೆರಳಿನಿಂದ ಬಿಡಿಸಿ ಉದ್ದೆಲುಬಿನ ತಲೆಗೆ ಕಟ್ಟುವ ವಿಧಾನವನ್ನು ಪ್ರಕಟಿಸಿದರು. ಅದರ ಜೊತೆಗೆ ಕೀಲಿನಡಿಯ ಪುಟ್ಟ ಎಲುಬನ್ನೂ ತೆಗೆದಾಗ ಕೆಲವರಲ್ಲಿ ಬೆರಳು ಮತ್ತೊಂದು ಬದಿಗೇ ತಿರುಗಿತು. ಆದ್ದರಿಂದ ಈಗ, ನೋವು ನಿಜಕ್ಕೂ ನಡೆಯಲು ಬಿಡದವರಿಗೆ ಮಾತ್ರ, ಸರಿದ ಎಲುಬನ್ನೇ ಕತ್ತರಿಸಿ ಜಾಗಕ್ಕೆ ತಂದು, ಅಗತ್ಯವಿದ್ದಷ್ಟೇ ರಜ್ಜು ಸಡಿಲಿಸುತ್ತೇವೆ. ಹಾಗೆ ಮಾಡಿದ ಮೇಲೂ ಕೆಲವರಲ್ಲಿ ಸೊಟ್ಟ ಮರುಕಳಿಸುತ್ತದೆಂದು ಮೊದಲೇ ಹೇಳಿಬಿಡುತ್ತೇನೆ. ಬೆರಳು ಸೊಟ್ಟ ಕಾಣುತ್ತದೆಂಬ ಕಾರಣಕ್ಕೆ ಬಂದವರನ್ನು ವಾಪಸು ಕಳುಹಿಸುತ್ತೇನೆ. ಬೈದುಕೊಂಡು ಹೋದರೂ ಸರಿಯೇ.

ಆ ತಾಯಿ ತಂದಿದ್ದ ಎಕ್ಸ್‌-ರೇಯನ್ನು ಮಲಗಿಸಿ ತೆಗೆದಿದ್ದರು. ಮೈಭಾರ ಬೀಳದ ಪಾದದಲ್ಲಿ ಎಲುಬುಗಳು ಹರಡಿಕೊಳ್ಳುವುದಿಲ್ಲ, ಕೋನ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ನಿಲ್ಲಿಸಿ ತೆಗೆಸಿದಾಗ, ಸುಮಾರು 15 ಡಿಗ್ರಿಯೊಳಗಿರಬೇಕಾದ ಬೆರಳಿನ ಕೋನ 28 ಬಂತು. ಆದರೂ ಅವರಿಗೆ ನೋವಿದ್ದುದು ಚಪ್ಪಲಿ ಹಾಕಿದಾಗ ಮಾತ್ರ, ಬರಿಗಾಲಲ್ಲಿ ಹೊಲ ಸುತ್ತಿ ಬರುತ್ತಿದ್ದರು. ಕತ್ತಿ ಬೇಡವೆಂದೆ, ಮುಂಭಾಗ ಅಗಲವಾದ, ಮೆತ್ತನೆಯ ಪಟ್ಟಿಯ ಚಪ್ಪಲಿ ಮಾಡಿಸಿಕೊಳ್ಳಲು ಹೇಳಿದೆ. ಮುಂದಿನ ಸಲ ಹೊಸ ಜೋಡಿ ಹಾಕಿಕೊಂಡೇ ಬಂದಿದ್ದರು. ಚಪ್ಪಲಿ ಹೊಲಿಯುವವನು ಕಾಗದ ಹಾಸಿ, ಅದರ ಮೇಲೆ ಅವರನ್ನು ಎರಡೂ ಕಾಲೂರಿ ನಿಲ್ಲಿಸಿ, ಪೆನ್ಸಿಲಿನಿಂದ ಪಾದದ ಸುತ್ತ ಗೆರೆ ಎಳೆದುಕೊಂಡನಂತೆ. ಕೂತೇ ಅಳತೆ ಕೊಡುತ್ತೇನೆಂದರೆ ಒಪ್ಪಲಿಲ್ಲವಂತೆ.