ಲಿಂಕ್ ಖಾಲಿ, ರೂಟರ್ ಸುಸ್ತು

ಡಾಸ್ ದಾಳಿ (ಸೇವೆ ಸಿಗದಂತೆ ಮಾಡುವ ದಾಳಿ) ಎಂದರೆ ಲಿಂಕ್ ತುಂಬಿಸುವುದು ಎಂಬುದು ಅರ್ಧ ಮಾತ್ರ ನಿಜ. ಕೆಲವೊಮ್ಮೆ ಟ್ರಾಫಿಕ್ ಗ್ರಾಫ್‌ನಲ್ಲಿ ವಿಶೇಷವೇನೂ ಕಾಣುವುದಿಲ್ಲ. ಆದರೂ ನೆಟ್‌ವರ್ಕ್‌ಗಳು ಪರಸ್ಪರ ದಾರಿ ತಿಳಿಸಿಕೊಳ್ಳುವ ಬಿಜಿಪಿ ಸೆಷನ್‌ಗಳು ಒಂದೊಂದಾಗಿ ಬೀಳುತ್ತವೆ, ದೂರದಿಂದ ಒಳಹೋಗುವ ಎಸ್‌ಎಸ್‌ಎಚ್ ಲಾಗಿನ್ ಬರುವುದಿಲ್ಲ, ಸಾಧನದ ಸ್ಥಿತಿ ತಿಳಿಸುವ ಎಸ್‌ಎನ್‌ಎಂಪಿ ಉತ್ತರ ನಿಂತಿರುತ್ತದೆ. ಆಗ ಬ್ಯಾಂಡ್‌ವಿಡ್ತ್ ಹೆಚ್ಚಿಸಿ ಪ್ರಯೋಜನವಿಲ್ಲ. ಪೆಟ್ಟು ಬಿದ್ದಿರುವುದು ರೂಟರ್‌ನ ಸಿಪಿಯುಗೆ.

ಹಾದುಹೋಗುವ ಪ್ಯಾಕೆಟ್‌ಗಳನ್ನು ಫಾರ್ವರ್ಡಿಂಗ್ ಚಿಪ್ ನೋಡಿಕೊಳ್ಳುತ್ತದೆ. 10 ಗಿಗಾಬಿಟ್ ಪೋರ್ಟ್‌ಗೆ 64 ಬೈಟ್‌ನ ಫ್ರೇಮ್‌ಗಳೇ ಬಂದರೆ ಸೆಕೆಂಡಿಗೆ ಸುಮಾರು 1.488 ಕೋಟಿಯಾಗುತ್ತದೆ, ಒಳ್ಳೆಯ ಚಿಪ್ ಅದನ್ನು ನಿಭಾಯಿಸುತ್ತದೆ. ಅದರ ನೂರರಲ್ಲೊಂದು ಪಾಲು ಸಿಪಿಯುಗೆ ಹೋದರೂ ಬಹುತೇಕ ರೂಟರ್‌ಗಳು ಏದುಸಿರು ಬಿಡುತ್ತವೆ. ಸಿಪಿಯುಗೆ ಹೋಗುವುದು ಯಾವುದು? ರೂಟರ್‌ನ ಸ್ವಂತ ವಿಳಾಸಕ್ಕೆ ಬಂದದ್ದು, ಎಆರ್‌ಪಿ (ಐಪಿ ವಿಳಾಸಕ್ಕೆ ಮ್ಯಾಕ್ ವಿಳಾಸ ಹುಡುಕುವ ಪ್ರೋಟೋಕಾಲ್), ಟಿಟಿಎಲ್ (ಪ್ರತಿ ರೂಟರ್‌ನಲ್ಲಿ ಒಂದೊಂದು ಇಳಿಯುವ ಸಂಖ್ಯೆ) ಮುಗಿದದ್ದು, ಹೆಡರ್‌ನಲ್ಲಿ ಹೆಚ್ಚುವರಿ ಸೂಚನೆ ಅಂದರೆ ಐಪಿ ಆಪ್ಷನ್ ಹೊತ್ತದ್ದು, ನೇರ ಸಬ್‌ನೆಟ್‌ಗೆ ಸೇರಿದ್ದರೂ ಯಾವ ಸಾಧನವೂ ಬಳಸದ ವಿಳಾಸವನ್ನು ಹುಡುಕಿ ಬಂದದ್ದು. ಎಸಿಎಲ್‌ನ (ಯಾವ ಪ್ಯಾಕೆಟ್ ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ನಿಯಮಪಟ್ಟಿ) ಸಾಲಿನ ಕೊನೆಗೆ ಯಾರೋ ಸೇರಿಸಿ ಮರೆತ ‘ಲಾಗ್’ ಪದವೂ ಹಲವು ಸಾಧನಗಳಲ್ಲಿ ಪ್ಯಾಕೆಟ್‌ಗಳನ್ನು ಸಿಪಿಯು ಕಡೆಗೇ ತಿರುಗಿಸುತ್ತದೆ.

ಮೊದಲ ತಡೆ ನೆಟ್‌ವರ್ಕ್‌ನ ಅಂಚಿನಲ್ಲಿರಲಿ. ಲೂಪ್‌ಬ್ಯಾಕ್ (ರೂಟರ್‌ನ ಒಳಗಿನ ವರ್ಚುವಲ್ ಇಂಟರ್‌ಫೇಸ್) ಮತ್ತು ಲಿಂಕ್ ವಿಳಾಸಗಳಿಗೆ ಹೊರಗಿನಿಂದ ಬರುವುದನ್ನೆಲ್ಲ ಎಸಿಎಲ್ ಹಾಕಿ ನಿಲ್ಲಿಸಿ. ಈ ವಿಳಾಸಗಳು ಒಂದೇ ಬ್ಲಾಕ್‌ನಲ್ಲಿದ್ದರೆ ಕೆಲವೇ ಸಾಲು ಸಾಕು. ಚೆಲ್ಲಾಪಿಲ್ಲಿಯಾಗಿದ್ದರೆ ಆ ಎಸಿಎಲ್ ಬೆಳೆಯುತ್ತಲೇ ಹೋಗುತ್ತದೆ, ಕೊನೆಗೆ ಯಾರೂ ಮುಟ್ಟಲು ಧೈರ್ಯ ಮಾಡುವುದಿಲ್ಲ. ಫ್ರಾಗ್ಮೆಂಟ್‌ಗಳನ್ನು (ಒಡೆದು ಬರುವ ಪ್ಯಾಕೆಟ್‌ನ ತುಣುಕುಗಳನ್ನು) ಎಸಿಎಲ್‌ನ ಆರಂಭದ ಸಾಲಿನಲ್ಲೇ ತಡೆಯಿರಿ: ಮೊದಲನೆಯದರ ನಂತರದ ತುಣುಕುಗಳಲ್ಲಿ ಪೋರ್ಟ್ ಸಂಖ್ಯೆ ಇರುವುದಿಲ್ಲ, ಹಾಗಾಗಿ ಪೋರ್ಟ್ ನೋಡುವ ನಿಯಮಗಳು ಅವುಗಳ ಮೇಲೆ ಸರಿಯಾಗಿ ಕೆಲಸ ಮಾಡವು. ಬಿಜಿಪಿ ನೆರೆಯವರಿಗೆ ಟಿಸಿಪಿ 179 ಬಿಡುವಾಗ ಅದನ್ನು ಮೂಲ ಪೋರ್ಟ್ ಆಗಿಯೂ ಗುರಿ ಪೋರ್ಟ್ ಆಗಿಯೂ ಬಿಡಬೇಕು. ಸಂಪರ್ಕವನ್ನು ಯಾವ ಕಡೆಯವರು ಬೇಕಾದರೂ ಆರಂಭಿಸಬಹುದು.

ಆದರೆ ಟಿಟಿಎಲ್ ಮುಗಿಸುವ ದಾಳಿಗೆ ಈ ಎಸಿಎಲ್ ಸಾಲದು. ಅಲ್ಲಿ ಪ್ಯಾಕೆಟ್‌ನ ಗುರಿ ನಿಮ್ಮ ಗ್ರಾಹಕ; ಸಾಯುವುದು ಮಾತ್ರ ನಿಮ್ಮ ರೂಟರ್‌ನಲ್ಲಿ. ಅದಕ್ಕೇ ಕಂಟ್ರೋಲ್ ಪ್ಲೇನ್ ಪೊಲೀಸಿಂಗ್, ಅಂದರೆ ಸಿಪಿಯುಗೆ ಹೋಗುವ ಟ್ರಾಫಿಕ್‌ಗೆ ಮಿತಿ ಹಾಕುವ ವ್ಯವಸ್ಥೆ ಬೇಕು. 2011ರ ಆರ್‌ಎಫ್‌ಸಿ 6192 (ಇಂಟರ್‌ನೆಟ್ ತಾಂತ್ರಿಕ ದಾಖಲೆ) ಇದನ್ನು ಮಾದರಿಗಳ ಸಮೇತ ವಿವರಿಸುತ್ತದೆ. ಸಿಸ್ಕೋದಲ್ಲಿ ಇದು ಕಂಟ್ರೋಲ್ ಪ್ಲೇನ್‌ಗೆ ಹಚ್ಚುವ ಪಾಲಿಸಿ, ಜುನಿಪರ್‌ನಲ್ಲಿ ಲೂಪ್‌ಬ್ಯಾಕ್‌ಗೆ ಹಚ್ಚುವ ಫಿಲ್ಟರ್.

ಟ್ರಾಫಿಕ್ ಅನ್ನು ವರ್ಗಗಳಾಗಿ ಬಿಡಿಸಿ: ರೂಟಿಂಗ್ (ಬಿಜಿಪಿ, ನೆಟ್‌ವರ್ಕ್‌ನ ಒಳಗೆ ದಾರಿ ಹುಡುಕುವ ಪ್ರೋಟೋಕಾಲ್ 89ರ ಓಎಸ್‌ಪಿಎಫ್, ಲಿಂಕ್ ಬಿದ್ದದ್ದನ್ನು ಬೇಗ ಗುರುತಿಸುವ ಯುಡಿಪಿ 3784ರ ಬಿಎಫ್‌ಡಿ), ನಿರ್ವಹಣೆ, ಐಸಿಎಂಪಿ (ಪಿಂಗ್‌ನಂಥವು), ಎಆರ್‌ಪಿ, ಟಿಟಿಎಲ್ ಮುಗಿದವು, ಉಳಿದದ್ದು. ಮಿತಿಯನ್ನು ಸಾಧ್ಯವಾದಲ್ಲಿ ಬಿಟ್‌ಗಳಲ್ಲಲ್ಲ, ಪ್ಯಾಕೆಟ್‌ಗಳಲ್ಲಿ ಕೊಡಿ; ಸಿಪಿಯುಗೆ ಶ್ರಮ ಬೀಳುವುದು ಪ್ಯಾಕೆಟ್ ಲೆಕ್ಕದಲ್ಲಿ. ಮೊದಲ ಒಂದೆರಡು ವಾರ ಮಿತಿ ಮೀರಿದ್ದನ್ನೂ ಬಿಡುತ್ತ ಬರೀ ಎಣಿಸಿ. ಸಾಮಾನ್ಯ ದಿನದ ಎಣಿಕೆ ಸಾಲದು: ಬಿಜಿಪಿ ಸೆಷನ್ ಬಿದ್ದೆದ್ದು ಇಡೀ ರೂಟ್ ಪಟ್ಟಿ ಮತ್ತೆ ಬರುವ ಗಳಿಗೆಯ ಎಣಿಕೆ ಸಿಗುವವರೆಗೆ ರೂಟಿಂಗ್ ವರ್ಗಕ್ಕೆ ಕಡಿವಾಣ ಹಾಕಬೇಡಿ. ಬೇರೆಯವರ ಟೆಂಪ್ಲೇಟ್‌ನಲ್ಲಿರುವ ಅಂಕಿಗಳನ್ನು ಹಾಗೇ ಅಂಟಿಸುವುದಕ್ಕಿಂತ ಏನೂ ಹಾಕದಿರುವುದೇ ವಾಸಿ.

ಇಲ್ಲಿ ಎಡವುವುದು ಹೆಚ್ಚಾಗಿ ಎರಡು ಕಡೆ. ವರ್ಗ ಗುರುತಿಸುವ ಎಸಿಎಲ್‌ನಲ್ಲಿ ‘ಡಿನೈ’ ಎಂದರೆ ಪ್ಯಾಕೆಟ್ ಬಿಸಾಡು ಎಂದಲ್ಲ, ಈ ವರ್ಗಕ್ಕೆ ಸೇರಿಸಬೇಡ ಎಂದು. ಇನ್ನೊಂದು, ಎಆರ್‌ಪಿಗೆ ಪ್ರತ್ಯೇಕ ವರ್ಗ ಕೊಡದೆ ‘ಉಳಿದದ್ದು’ ವರ್ಗವನ್ನು ಬಿಗಿಗೊಳಿಸುವುದು. ಹಾಕಿದ ತಕ್ಷಣ ಏನೂ ಆಗುವುದಿಲ್ಲ. ಸಿಸ್ಕೋ ಐಓಎಸ್‌ನಲ್ಲಿ ಎಆರ್‌ಪಿ ನಮೂದಿನ ಆಯಸ್ಸು 4 ಗಂಟೆ. ಅದು ತೀರುತ್ತ ಬಂದಂತೆ ನೆರೆಯ ಸಾಧನಗಳು ಒಂದೊಂದಾಗಿ ಕಾಣೆಯಾಗುತ್ತವೆ. ಬೆಳಗ್ಗೆ ಮಾಡಿದ ಬದಲಾವಣೆಗೂ ಮಧ್ಯಾಹ್ನದ ತೊಂದರೆಗೂ ಸಂಬಂಧವಿದೆ ಎಂದು ಯಾರಿಗೂ ಹೊಳೆಯುವುದಿಲ್ಲ. ರೂಟರ್ ತಾನೇ ಕೇಳಿದ ಎನ್‌ಟಿಪಿ (ಸಮಯ), ಡಿಎನ್‌ಎಸ್ (ಹೆಸರು), ಟ್ಯಾಕಾಕ್ಸ್ (ಲಾಗಿನ್ ಪರಿಶೀಲನೆ) ಉತ್ತರಗಳೂ ಇದೇ ಬಾಗಿಲಿನಿಂದ ಬರುತ್ತವೆ, ಅವಕ್ಕೂ ಜಾಗವಿರಲಿ.

ನೇರ ಲಿಂಕ್‌ನ ಇಬಿಜಿಪಿಗೆ (ಬೇರೆ ನೆಟ್‌ವರ್ಕ್‌ನವರೊಂದಿಗಿನ ಬಿಜಿಪಿಗೆ) ಆರ್‌ಎಫ್‌ಸಿ 5082ರ ಟಿಟಿಎಲ್ ಭದ್ರತೆ ಬಲು ಅಗ್ಗದ ರಕ್ಷಣೆ. ಎರಡೂ ಕಡೆಯವರು ಟಿಟಿಎಲ್ 255 ಇಟ್ಟು ಕಳಿಸುತ್ತಾರೆ, ಕಡಿಮೆಯಾದದ್ದನ್ನು ಒಪ್ಪುವುದಿಲ್ಲ. ದೂರದಿಂದ ಬಂದ ನಕಲಿ ಪ್ಯಾಕೆಟ್‌ಗೆ ದಾರಿಯಲ್ಲೇ ಸಂಖ್ಯೆ ಇಳಿದಿರುತ್ತದೆ. ಒಂದೇ ಕಡೆ ಹಾಕಿದರೆ ಸೆಷನ್ ಉಳಿಯದು, ಇಬ್ಬರೂ ಒಟ್ಟಿಗೇ ಮಾಡಬೇಕು.

ಸ್ವಿಚ್‌ಗಳಲ್ಲಿ ಸ್ಟಾರ್ಮ್ ಕಂಟ್ರೋಲ್ (ಬ್ರಾಡ್‌ಕಾಸ್ಟ್ ಪ್ರವಾಹಕ್ಕೆ ಮಿತಿ), ಪೋರ್ಟ್‌ಗೆ ಮ್ಯಾಕ್ ವಿಳಾಸಗಳ ಮಿತಿ, ಬಿಪಿಡಿಯು ಗಾರ್ಡ್ (ಬಳಕೆದಾರರ ಪೋರ್ಟ್‌ನಲ್ಲಿ ಸ್ಪ್ಯಾನಿಂಗ್ ಟ್ರೀ ಸಂದೇಶ ಬಂದರೆ ಅದನ್ನು ಮುಚ್ಚುವುದು) ಇದ್ದರೆ ಬಹುಪಾಲು ಕೆಲಸ ಆಯಿತು. ಐಪಿವಿ6ನಲ್ಲಿ ಜನ ಮರೆಯುವುದು ನೆರೆ ಪಟ್ಟಿಯನ್ನು (ಎಆರ್‌ಪಿ ಪಟ್ಟಿಯಂಥದ್ದು): /64 ಸಬ್‌ನೆಟ್‌ನ ವಿಳಾಸಗಳನ್ನು ಹೊರಗಿನಿಂದ ಸುಮ್ಮನೆ ತಟ್ಟುತ್ತ ಹೋದರೂ ಆ ಪಟ್ಟಿ ತುಂಬಿಬಿಡುತ್ತದೆ. ಎರಡು ರೂಟರ್‌ಗಳ ನಡುವಿನ ಲಿಂಕ್‌ಗೆ /127 ಕೊಡಿ.

ಲಿಂಕೇ ತುಂಬಿದರೆ ನಿಮ್ಮ ಸಾಧನದಲ್ಲಿ ಮಾಡಲು ಏನೂ ಉಳಿದಿರುವುದಿಲ್ಲ, ಮೇಲಿನ ಪೂರೈಕೆದಾರರೇ ತಡೆಯಬೇಕು. ದಾಳಿಗೊಳಗಾದ /32 ವಿಳಾಸವನ್ನು 65535:666 ಕಮ್ಯುನಿಟಿಯೊಂದಿಗೆ (ಬಿಜಿಪಿ ರೂಟ್‌ಗೆ ಅಂಟಿಸುವ ಗುರುತು) ಘೋಷಿಸಿದರೆ ಅವರು ಅದನ್ನು ಬ್ಲ್ಯಾಕ್‌ಹೋಲ್ ಮಾಡುತ್ತಾರೆ, ಅಂದರೆ ಅದಕ್ಕೆ ಬರುವುದನ್ನೆಲ್ಲ ಬಿಸಾಡುತ್ತಾರೆ. ಆ ವಿಳಾಸದ ಮಟ್ಟಿಗೆ ದಾಳಿಕೋರ ಗೆದ್ದಂತೆಯೇ, ಉಳಿದವರು ಬದುಕುತ್ತಾರೆ. ಪೂರೈಕೆದಾರರು ಈ ಕಮ್ಯುನಿಟಿಯನ್ನೂ /32 ಅನ್ನೂ ಒಪ್ಪುತ್ತಾರೋ ಇಲ್ಲವೋ ಎಂಬುದನ್ನು ಮೊದಲೇ ಪರೀಕ್ಷಿಸಿಡಿ.

ದಾಳಿಯ ಹೊತ್ತಿಗೆ ಒಳಹೋಗಲು ಬೇರೆ ಲಿಂಕ್‌ನ ಕನ್ಸೋಲ್ ಸರ್ವರ್ (ರೂಟರ್‌ನ ಕನ್ಸೋಲ್ ಪೋರ್ಟ್‌ಗೆ ದೂರದಿಂದ ತಲುಪಿಸುವ ಸಾಧನ) ಇರಬೇಕು. ಐಓಎಸ್‌ನ ಸಿಪಿಯು ಸಾಲಿನಲ್ಲಿ 95%/80% ಎಂದಿದ್ದರೆ ಎರಡನೆಯದು ಇಂಟರಪ್ಟ್ ಮಟ್ಟದಲ್ಲಿ (ಉಳಿದ ಕೆಲಸ ನಿಲ್ಲಿಸಿ ಕೂಡಲೇ ಮಾಡುವ ಕೆಲಸದಲ್ಲಿ) ಕಳೆದ ಪಾಲು. ಪ್ರಕ್ರಿಯೆಗಳಲ್ಲಿ ‘ಐಪಿ ಇನ್‌ಪುಟ್’ ಮೇಲಿದ್ದರೆ ಸಿಪಿಯುಗೆ ಪ್ಯಾಕೆಟ್‌ಗಳು ಸುರಿಯುತ್ತಿವೆ. ‘ಎಆರ್‌ಪಿ ಇನ್‌ಪುಟ್’ ಇದ್ದರೆ ಹತ್ತಿರದ ಸಬ್‌ನೆಟ್ ನೋಡಿ. ‘ಬಿಜಿಪಿ ರೂಟರ್’ ಇದ್ದರೆ ಅದು ದಾಳಿಯಲ್ಲದೆ ರೂಟ್‌ಗಳ ಏರಿಳಿತವೂ ಇರಬಹುದು. ಪೊಲೀಸಿಂಗ್ ಕೌಂಟರ್‌ಗಳಿಗೂ ಅಲರ್ಟ್ ಇಡಿ. ‘ಉಳಿದದ್ದು’ ವರ್ಗದಲ್ಲಿ ಡ್ರಾಪ್ ಸಹಜ. ರೂಟಿಂಗ್ ವರ್ಗದಲ್ಲಿ ಅದು ಸೊನ್ನೆಯಾಗಿರಬೇಕು. ಒಂದು ಬಂದರೂ ಮಿತಿ ತಪ್ಪಿದೆಯೋ, ನೆರೆಯವರ ಹೆಸರಿನಲ್ಲಿ ಬೇರಾರೋ ಮಾತಾಡುತ್ತಿದ್ದಾರೋ ಎಂದು ನೋಡಿ.